ಮಸಾಯಿ ಹಳ್ಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮುನ್ನ

ಪ್ರಶ್ನೆ: ನಮ್ಮ ಕಾಲೇಜಿನ ಸಮಾಜಶಾಸ್ತ್ರ ವಿಭಾಗದ ವಿದ್ಯಾರ್ಥಿಗಳನ್ನು ಕೀನ್ಯಾಕ್ಕೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯಲಿದ್ದೇವೆ. ಏಜೆನ್ಸಿಯವರು ಕೊಟ್ಟ ಪಟ್ಟಿಯಲ್ಲಿ ಒಂದು ಗಂಟೆಯ ‘ಮಸಾಯಿ ಹಳ್ಳಿ ಭೇಟಿ’ಯೂ (ಮಸಾಯಿಗಳೆಂದರೆ ಅಲ್ಲಿನ ದನಗಾಹಿ ಸಮುದಾಯ) ಸೇರಿದೆ. ಅದೆಲ್ಲ ಪ್ರವಾಸಿಗರಿಗಾಗಿ ಹೂಡಿದ ನಾಟಕ ಎನ್ನುತ್ತಾರೆ, ಹೋಗಿಬಂದ ಸಹೋದ್ಯೋಗಿಯೊಬ್ಬರು. ಭೇಟಿಯನ್ನು ಉಳಿಸಿಕೊಳ್ಳುವುದೇ, ಕೈಬಿಡುವುದೇ?
– ಅಧ್ಯಾಪಕಿ, ಧಾರವಾಡ

ಉತ್ತರ: ಮಾನ್ಯರೆ, ಉಳಿಸಿಕೊಳ್ಳಿ, ಆದರೆ ಒಂದು ಗಂಟೆಯನ್ನು ಅರ್ಧ ದಿನವಾಗಿಸಿ. ನಾರೋಕ್ ಕೌಂಟಿಯಲ್ಲಿರುವ ಮಸಾಯಿ ಮಾರಾ ಅಭಯಾರಣ್ಯದ ಸುತ್ತಲಿನ ಹಲವು ಹಳ್ಳಿಗಳಲ್ಲಿ ತಲೆಗೆ ಇಷ್ಟು ಡಾಲರೆಂದು ಪಡೆದು, ಸ್ವಾಗತದ ಹಾಡು, ಯುವಕರ ಜಿಗಿತದ ಕುಣಿತ, ಕಡ್ಡಿ ಹೊಸೆದು ಬೆಂಕಿ ಹೊತ್ತಿಸುವುದು, ಕೊನೆಗೆ ಮಣಿಸರದ ವ್ಯಾಪಾರ ಎಂಬ ಕ್ರಮದಲ್ಲಿ ಎಲ್ಲವನ್ನೂ ಮುಗಿಸುವುದು ನಿಜ. ಹಾಗೆಂದು ಆ ಕುಣಿತ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಮೊರಾನ್‌ಗಳೆಂಬ ಯುವಯೋಧರು ಹಿರಿಯರಾಗುವ ಹಾದಿಗೆ ಕಾಲಿಡುವ ‘ಯುನೊಟೊ’ ಆಚರಣೆಯಲ್ಲಿ ಅದಕ್ಕೆ ಸ್ಥಾನವಿದೆ. ಈ ಆಚರಣೆಯೂ ಸೇರಿದಂತೆ ಮಸಾಯಿ ಗಂಡಸರ ಮೂರು ಸಂಸ್ಕಾರಗಳನ್ನು ಯುನೆಸ್ಕೋ 2018ರಲ್ಲಿ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಕುಣಿತಕ್ಕಿಂತ ಹೆಚ್ಚಿನ ಸಮಯವನ್ನು ಮನೆಯೊಳಗೆ ಕಳೆಯಿರಿ ಎಂಬುದು ನನ್ನ ಸಲಹೆ. ಮನೆ ಕಟ್ಟುವುದು ಹೆಂಗಸರ ಕೆಲಸ: ಕೊಂಬೆಗಳನ್ನು ನೆಟ್ಟು, ಹೆಣೆದು, ಮಣ್ಣು ಮತ್ತು ಸಗಣಿ ಮೆತ್ತುತ್ತಾರೆ. ಬಾಗಿ ಒಳಹೊಕ್ಕರೆ ದಾರಿ ಒಮ್ಮೆ ತಿರುಗುವುದರಿಂದ ಹೊರಗಿನ ಬೆಳಕು ಅಲ್ಲಿಗೇ ನಿಂತುಬಿಡುತ್ತದೆ. ಒಲೆಯ ಹೊಗೆಗೆ ಕಣ್ಣುರಿಯುತ್ತದೆ. ಎಳೆಗರುವನ್ನೋ ಆಡುಮರಿಯನ್ನೋ ಕಟ್ಟುವ ಮೂಲೆ ಮಲಗುವ ಜಾಗಕ್ಕೆ ತಾಗಿಕೊಂಡೇ ಇರುತ್ತದೆ. ದನಗಳು ರಾತ್ರಿ ಮುಳ್ಳುಬೇಲಿಯ ನಡುವಿನ ಬಯಲಿನಲ್ಲಿ, ಅವುಗಳ ಸುತ್ತ ಮನೆಗಳು. ಈ ವಿನ್ಯಾಸವನ್ನು ವಿದ್ಯಾರ್ಥಿಗಳು ನಕ್ಷೆಯಾಗಿ ಬರೆದುಕೊಂಡರೆ, ದನವೇ ಸಂಪತ್ತಾಗಿರುವ ಸಮಾಜವೊಂದರ ಲೆಕ್ಕಾಚಾರ ಪಠ್ಯಪುಸ್ತಕಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಇನ್ನು ಕೇಳಬೇಕಾದ ಪ್ರಶ್ನೆ ಜಮೀನಿನದು. 1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಬ್ರಿಟಿಷರು ಮಸಾಯಿಗಳನ್ನು ರಿಫ್ಟ್ ಕಣಿವೆ ಹಾಗೂ ಲೈಕಿಪಿಯಾದ ಒಳ್ಳೆಯ ಹುಲ್ಲುಗಾವಲುಗಳಿಂದ ಎಬ್ಬಿಸಿ ಆ ನೆಲವನ್ನು ಬಿಳಿಯ ವಲಸಿಗರಿಗೆ ಕೊಟ್ಟರು. ಗಡಿಯಾಚೆ ಟಾಂಜಾನಿಯಾದಲ್ಲಿ 1959ರಲ್ಲಿ ಸೆರೆಂಗೆಟಿ ಉದ್ಯಾನದಿಂದ ಹೊರಬಿದ್ದವರಿಗೆ ಗೊರೊಂಗೊರೊ ಪ್ರದೇಶವನ್ನು ಬಿಟ್ಟುಕೊಡಲಾಯಿತು. ನಾಗರಹೊಳೆಯ ಜೇನುಕುರುಬರ ಸಂಗತಿ ಬಲ್ಲ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಸಾಮೂಹಿಕ ಜಮೀನು ತುಂಡುತುಂಡಾಗಿ ಹಂಚಿಹೋದ ಮೇಲೆ ಬರಗಾಲದಲ್ಲಿ ಮಂದೆಯನ್ನು ಎಲ್ಲಿಗೆ ಅಟ್ಟುತ್ತಾರೆ, ಮಕ್ಕಳು ಶಾಲೆಗೆ ಹೋದರೆ ಕಾಯುವವರು ಯಾರು, ಇವನ್ನು ಹಿರಿಯರಲ್ಲಿ ಕೇಳಿಸಿ. ‘ನೀವು ಸಿಂಹವನ್ನು ಕೊಂದಿದ್ದೀರಾ’ ಎಂಬ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟುಬನ್ನಿ. ಅವರಿಗೆ ಅದು ಸಾಕಾಗಿಹೋಗಿದೆ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಪ್ರವಾಸಿಗರು ಕೊಟ್ಟ ಶುಲ್ಕದ ದೊಡ್ಡ ಪಾಲು ವಾಹನ ಚಾಲಕರ, ಮಧ್ಯವರ್ತಿಗಳ ಕೈಸೇರುತ್ತದೆ ಎಂಬ ದೂರು ಮಾರಾದಲ್ಲಿ ಹಳೆಯದು. ಆದ್ದರಿಂದ ಯಾವ ಹಳ್ಳಿ, ಎಷ್ಟು ಹಣ, ಯಾರ ಕೈಗೆ ಎಂಬುದನ್ನು ಏಜೆನ್ಸಿಯಿಂದ ಮೊದಲೇ ಬರೆಸಿಕೊಳ್ಳಿ. ಮಸಾಯಿ ಭೂಮಾಲೀಕರು ಜಮೀನನ್ನು ವನ್ಯಜೀವಿ ರಕ್ಷಣೆಗಾಗಿ ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುವ ‘ಕನ್ಸರ್ವೆನ್ಸಿ’ಗಳ ಮೂಲಕ ಭೇಟಿ ಏರ್ಪಡಿಸಲು ಸಾಧ್ಯವಾದರೆ ಅದನ್ನೇ ಆರಿಸಿ. ಮಣಿಸರವನ್ನು ಹೆಣೆದಾಕೆಯಿಂದಲೇ ಕೊಂಡರೆ ಹಣ ಅವಳಿಗೇ ಸಲ್ಲುತ್ತದೆ. ಫೋಟೋಗೆ ಪ್ರತಿಬಾರಿ ಅನುಮತಿ ಕೇಳಬೇಕು. ಮಕ್ಕಳ ಕೈಗೆ ಚಾಕೊಲೇಟು, ಚಿಲ್ಲರೆ ಕಾಸು ಹಾಕಕೂಡದು.

ಕೊನೆಯದಾಗಿ, ಹಳದಿ ಜ್ವರದ ಲಸಿಕೆಯನ್ನು ಹೊರಡುವ ದಿನಕ್ಕೆ ಕನಿಷ್ಠ 10 ದಿನ ಮೊದಲೇ ಎಲ್ಲರಿಗೂ ಹಾಕಿಸಿ. ಪ್ರಮಾಣಪತ್ರವಿಲ್ಲದೆ ಕೀನ್ಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ.