‘ಶೀ ರೈಟಿಂಗ್’ ತಪ್ಪುವುದು ಎಲ್ಲಿ?

ಏಳನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳು ಎಷ್ಟು ತಿದ್ದಿದರೂ ‘ಶೀ ಈಸ್ ರೈಟಿಂಗ್’ ಬದಲು ‘ಶೀ ರೈಟಿಂಗ್’ ಎಂದೇ ಬರೆಯುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಸೂತ್ರವನ್ನು ಮತ್ತೆ ಬಾಯಿಪಾಠ ಮಾಡಿಸಬೇಡಿ.

ಕಪ್ಪುಹಲಗೆಯ ಮೇಲೆ ‘ಬರೆಯುತ್ತಿದ್ದಾಳೆ’ ಎಂದು ಬರೆದು, ಮಕ್ಕಳ ಎದುರೇ ಅದನ್ನು ‘ಬರೆಯುತ್ತ’, ‘ಇದ್ದಾಳೆ’ ಎಂದು ಬಿಡಿಸಿ. ‘ಬರೆಯುತ್ತ’ದ ಕೆಳಗೆ ‘ರೈಟಿಂಗ್’, ‘ಇದ್ದಾಳೆ’ಯ ಕೆಳಗೆ ‘ಈಸ್’ ಬರೆಯಿರಿ. ನಮ್ಮಲ್ಲಿ ಕ್ರಿಯಾಪದದ ಕೊನೆಗೆ ಅಂಟಿಕೊಂಡಿರುವ ಈ ತುಂಡು ಇಂಗ್ಲಿಷಿನಲ್ಲಿ ಬಿಡಿಯಾಗಿ, ಮೊದಲೇ ಬಂದು ನಿಲ್ಲುತ್ತದೆ. ಮಕ್ಕಳು ಕೈಬಿಡುವುದು ಅದನ್ನೇ. ‘ಇದ್ದೇನೆ’ಗೆ ‘ಆಮ್’, ‘ಇದ್ದೇವೆ’ಗೆ ‘ಆರ್’ ಎಂದು ಅವರೇ ಹೊಂದಿಸಲಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಅಜ್ಜಿ ಅಡುಗೆ ಮಾಡುತ್ತಿದ್ದಾರೆ’ ಎಂಬುದು ಗೌರವದ ಬಹುವಚನ. ಮಗು ಅಲ್ಲಿ ‘ಆರ್’ ಬರೆದರೆ ಅದು ಅಜಾಗರೂಕತೆಯಲ್ಲ, ಮನೆಯಲ್ಲಿ ಕಲಿತ ಮರ್ಯಾದೆ. ಇಂಗ್ಲಿಷ್ ತಲೆ ಎಣಿಸುತ್ತದೆ, ಹಿರಿತನ ನೋಡುವುದಿಲ್ಲ ಎಂದು ಹೇಳಿ. ಬೈಯಬೇಡಿ.

ಅಭ್ಯಾಸಕ್ಕೆ ಕಿಟಕಿಯ ಬಳಿ ಒಬ್ಬರನ್ನು ನಿಲ್ಲಿಸಿ, ಹೊರಗೆ ಈಗ ಕಾಣುತ್ತಿರುವುದನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿಸಿ, ಉಳಿದವರು ಬರೆದುಕೊಳ್ಳಲಿ. ಪುಸ್ತಕದ ಚಿತ್ರಗಳಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಹೊರಗಿನ ದೃಶ್ಯ ಬದಲಾದಂತೆ ವಾಕ್ಯವೂ ಬದಲಾಗಲೇಬೇಕು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್’ ಎಂಬ ತಪ್ಪುಗಳನ್ನು ಈಗಲೇ ಮುಟ್ಟಬೇಡಿ. ‘ಈಸ್’ ತಾನಾಗಿ ಬರತೊಡಗಿದ ಮೇಲೆ ಅವನ್ನು ಬೇರೆಯದೇ ಪಾಠವಾಗಿ ತೆಗೆದುಕೊಳ್ಳಿ.