ಮೂರನೆಯ ದಿನದ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ದುಡಿಯುವ, ಮೂವತ್ತರ ಆಸುಪಾಸಿನ ಯುವಕರೊಬ್ಬರು ಅಕ್ಕನ ಒತ್ತಾಯಕ್ಕೆ ಮಣಿದು ಅವರ ಜೊತೆಗೇ ನನ್ನ ಬಳಿ ಬಂದರು. ರಿಟರ್ನ್ಸ್ ಸಲ್ಲಿಸುವ ಗಡುವಿನ ದಿನಗಳಲ್ಲಿ ನಿದ್ದೆಗೆಂದು ಹಿಡಿದ ಗಾಂಜಾ, ಗಡುವು ಮುಗಿದ ಮೇಲೂ ಬಿಡದೆ, ನಾಲ್ಕು ವರ್ಷಗಳಿಂದ ಪ್ರತಿ ರಾತ್ರಿಯ ಅಭ್ಯಾಸವಾಗಿತ್ತು. ಎರಡು ಸಲ ತಾವಾಗಿಯೇ ಬಿಟ್ಟು ನೋಡಿದ್ದರು. ಎರಡು ಸಲವೂ ಮೂರನೆಯ ದಿನಕ್ಕೆ ಸೋತಿದ್ದರು. ಕಳೆದ ಸಲವಂತೂ, "ಊಟ ಮಾಡಿದೆಯೇನೋ?" ಎಂದು ಅಕ್ಕ ಕೇಳಿದ್ದಕ್ಕೇ ತಟ್ಟೆಯನ್ನು ಗೋಡೆಗೆ ಎಸೆದಿದ್ದರು. ಅದನ್ನು ಹೇಳುವಾಗ ಹೆಬ್ಬೆರಳಿನ ಉಗುರಿನಂಚನ್ನು ತೋರುಬೆರಳಿನಿಂದ ಕೆರೆಯುತ್ತಲೇ ಇದ್ದರು. ಅಲ್ಲಿನ ಚರ್ಮ ಕಿತ್ತು ಕೆಂಪಾಗಿತ್ತು. "ಗಾಂಜಾ ಇಲ್ಲದಿದ್ದರೆ ನಾನು ಇಂಥವನೇ ಇರಬೇಕು ಮೇಡಂ," ಎಂದರು.

ಅವರಲ್ಲಿ ಒಂದು ವಾದವೂ ಸಿದ್ಧವಾಗಿತ್ತು. ಗಾಂಜಾದಂಥ ರಾಸಾಯನಿಕವನ್ನು ದೇಹವೇ ತಯಾರಿಸುತ್ತದೆ, ಅದಕ್ಕೆ ಸಂಸ್ಕೃತದ 'ಆನಂದ'ದಿಂದಲೇ ಹೆಸರಿಟ್ಟಿದ್ದಾರೆ, ಹಾಗಿದ್ದಮೇಲೆ ಅದನ್ನು ಹೊರಗಿನಿಂದ ಕೊಟ್ಟರೆ ತಪ್ಪೇನು ಎಂದು ಕೇಳಿದರು. ಇದನ್ನು ನಾನು ತಳ್ಳಿಹಾಕಲಿಲ್ಲ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಜೆರುಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಾಫೆಲ್ ಮೆಷೂಲಮ್ ಅವರ ತಂಡ 1992ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಆ ವಸ್ತುವಿನ ಹೆಸರು ಆನಂದಮೈಡ್. ಆದರೆ ಅದು ಇರುವುದು ಮತ್ತೇರಿಸುವುದಕ್ಕಲ್ಲ.

ಅವರಿಗೆ ವಿವರಿಸಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಬೆದರಿಕೆ ಎದುರಾದಾಗ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಪಿಟ್ಯುಟರಿ ಮೂತ್ರಪಿಂಡಗಳ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಇದೇ ಕಾರ್ಟಿಸಾಲ್ ಮಿದುಳಿಗೆ ಮರಳಿದಾಗ, ಹೈಪೋಥಲಾಮಸ್ಸಿನ ನರಕೋಶಗಳು ನಿಮಿಷಗಳೊಳಗೆ ತಮ್ಮದೇ ಪೊರೆಯ ಕೊಬ್ಬಿನಿಂದ ಕ್ಯಾನಬಿನಾಯ್ಡ್‌ಗಳನ್ನು, ಅಂದರೆ ಆನಂದಮೈಡ್‌ನಂಥ ರಾಸಾಯನಿಕಗಳನ್ನು, ತಯಾರಿಸುತ್ತವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅವು ಸುದ್ದಿ ಬಂದ ದಾರಿಯಲ್ಲೇ ಹಿಂದಕ್ಕೆ ಸಾಗಿ, ಸುದ್ದಿ ಕಳಿಸುತ್ತಿದ್ದ ನರತುದಿಯ ಸಿಬಿ1 ಎಂಬ ಗ್ರಾಹಿಗೆ (ಇಂಥ ರಾಸಾಯನಿಕವನ್ನು ಹಿಡಿದುಕೊಳ್ಳುವ ಅಣುವಿಗೆ) ಅಂಟಿಕೊಂಡು, "ಸಾಕು, ನಿಲ್ಲಿಸು" ಎನ್ನುತ್ತವೆ. ಕೆಲಸ ಮುಗಿದೊಡನೆ ಕಿಣ್ವಗಳು ಅವನ್ನು ಒಡೆದುಹಾಕುತ್ತವೆ. ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಹೊತ್ತು ಬೀಳುವ ಬ್ರೇಕು ಇದು. ಗಾಂಜಾದಲ್ಲಿ ಮತ್ತೇರಿಸುವ ಅಂಶವಾದ ಟಿಎಚ್‌ಸಿಯಾದರೋ ಇದೇ ಗ್ರಾಹಿಗಳನ್ನು ಮಿದುಳಿನ ಎಲ್ಲ ಕಡೆ, ಗಂಟೆಗಟ್ಟಲೆ ಒತ್ತಿ ಹಿಡಿಯುತ್ತದೆ. ನಿತ್ಯವೂ ಹೀಗಾದರೆ ಮಿದುಳು ಗ್ರಾಹಿಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಹೊರಗಿನದು ನಿಂತ ದಿನ, ಒಳಗಿನ ಬ್ರೇಕು ಹಿಡಿಯಲು ತಕ್ಕಷ್ಟು ಗ್ರಾಹಿಗಳೇ ಇರುವುದಿಲ್ಲ.

ಈ ಬ್ರೇಕು ಇಲ್ಲದಿದ್ದರೆ ಮನುಷ್ಯನ ಪಾಡೇನೆಂಬುದಕ್ಕೆ ಔಷಧವೊಂದರ ಕಥೆಯೇ ಸಾಕ್ಷಿ. ಸಿಬಿ1 ಗ್ರಾಹಿಯನ್ನು ಮುಚ್ಚಿಬಿಡುವ ರಿಮೊನಬಾಂಟ್ ಎಂಬ ಮಾತ್ರೆ ಬೊಜ್ಜು ಇಳಿಸಲೆಂದು 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಸೇವಿಸಿದವರಲ್ಲಿ ಖಿನ್ನತೆ, ಆತಂಕ ಹೆಚ್ಚಿದ್ದರಿಂದ 2008ರಲ್ಲೇ ಅದರ ಮಾರಾಟ ತಡೆಯಬೇಕಾಯಿತು.

ಹಾಗಾಗಿ ಅವರಿಗೆ ನಾನು ಹೇಳಿದ ಮುಖ್ಯ ಮಾತು ಇಷ್ಟು: ತಟ್ಟೆ ಎಸೆದ ಆ ಮೂರನೆಯ ದಿನದ ಸಿಟ್ಟು ನಿಮ್ಮ ಸ್ವಭಾವವಲ್ಲ, ಅದು ಬಿಡುವಿಕೆಯ ಲಕ್ಷಣ. ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು, ಬೆಚ್ಚಿ ಏಳಿಸುವ ಕನಸುಗಳು ಮೊದಲ ವಾರದಲ್ಲೇ ಹೆಚ್ಚು ಕಾಡುತ್ತವೆ. ಗ್ರಾಹಿಗಳು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಮರಳಲು ಸುಮಾರು ನಾಲ್ಕು ವಾರ ಹಿಡಿಯುತ್ತದೆಂದು ಮಿದುಳಿನ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಅವರು ಸೋತದ್ದು ಅತ್ಯಂತ ಕಷ್ಟದ ದಿನಗಳಲ್ಲಿ ಎಂದು ತಿಳಿದಾಗ ಅವರು ಉಗುರು ಕೆರೆಯುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿದರು.

ಬಿಡುವ ದಿನವನ್ನು ಗಡುವಿಲ್ಲದ ತಿಂಗಳಲ್ಲಿ ಆರಿಸಿಕೊಳ್ಳಲು ಹೇಳಿದೆ. ಬಿಟ್ಟ ಮೊದಲ ಹತ್ತು ದಿನ ಅಕ್ಕ ಪ್ರಶ್ನೆ ಕೇಳದೆ ಊಟ ಬಡಿಸಿಟ್ಟು ಹೋದರೆ ಸಾಕೆಂದೂ, ಬದಲಿಗೆ ಮದ್ಯ ಬೇಡ, ಮಧ್ಯಾಹ್ನದ ಮೇಲೆ ಕಾಫಿ ಬೇಡ, ತಾವಾಗಿಯೇ ನಿದ್ದೆಮಾತ್ರೆ ತರುವುದಂತೂ ಬೇಡವೇ ಬೇಡವೆಂದೂ ಸೂಚಿಸಿದೆ. ನಾನು ಔಷಧ ಬರೆಯುವವಳಲ್ಲ. ಗಾಂಜಾಕ್ಕೆ ಮೊದಲೇ ಇದ್ದ ಆತಂಕವನ್ನು ಪರೀಕ್ಷಿಸಲು ಮನೋವೈದ್ಯರಲ್ಲಿಗೆ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡುವಂತೆ ಬರೆದುಕೊಟ್ಟೆ. ದಿನಕ್ಕೆ ಮುಕ್ಕಾಲು ಗಂಟೆ, ಉಸಿರು ತುಸು ಏರುವಷ್ಟು ಬಿರುಸಿನ ನಡಿಗೆಯನ್ನು ನಾನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ: ಓಟ, ಸೈಕಲ್ ಸವಾರಿಯಂಥ ಮಧ್ಯಮ ಶ್ರಮದ ವ್ಯಾಯಾಮದ ನಂತರ ರಕ್ತದಲ್ಲಿ ಆನಂದಮೈಡ್ ಏರುವುದು 2003ರಿಂದಲೂ ಅಧ್ಯಯನಗಳಲ್ಲಿ ಕಂಡಿದೆ. ಅವರು ಕೇಳುತ್ತಿದ್ದ ಆನಂದ ಅಲ್ಲಿ ದೇಹದ್ದೇ ಅಳತೆಯಲ್ಲಿ ದೊರೆಯುತ್ತದೆ.

ಆರನೆಯ ವಾರ ಬಂದಾಗ ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ನಿದ್ದೆಯ ಗಂಟೆ, ನಡಿಗೆಯ ನಿಮಿಷ, ಸೇದಬೇಕೆನಿಸಿದ ಸಲ ಎಂದು ಮೂರು ಕಾಲಂ ಎಳೆದಿದ್ದರು. ಹದಿನೇಳನೆಯ ದಿನ ಒಮ್ಮೆ ಸೇದಿದ್ದನ್ನು ಮುಚ್ಚಿಡದೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮರುದಿನದ ಸಾಲಿನಲ್ಲಿ ನಡಿಗೆ: 50 ನಿಮಿಷ, ಅಕ್ಕನ ಜೊತೆ.