ಕೇಳಿ, ಹೇಳುತ್ತೇನೆ: ಇಲಿನಾಯ್‌ನ ಸೆನೆಟ್ ಕುರ್ಚಿಗಳ ಕಥೆ

ಕಳೆದ ತಿಂಗಳು ನಮ್ಮ ರಾಜ್ಯಸಭೆಯ ಬಗ್ಗೆ ಬರೆಯುವಾಗ ಅಮೆರಿಕದ ಸೆನೆಟ್ ವಿಷಯವನ್ನು ಒಂದು ಸಾಲಿನಲ್ಲಿ ತಂದಿದ್ದೆ. ಈ ಸಲದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ ಬಂದಿವೆ. ಐವತ್ತು ರಾಜ್ಯಗಳ ಕಥೆಯನ್ನು ಒಟ್ಟಿಗೆ ಹೇಳಲು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮಗಳ ಮನೆ ಇರುವುದು ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ಅಲ್ಲಿ ಎರಡು ಸಲ ತಿಂಗಳುಗಟ್ಟಲೆ ಇದ್ದು ಸುತ್ತಾಡಿ ಬಂದಿದ್ದೇನೆ. ಆದ್ದರಿಂದ ಎಲ್ಲ ಉತ್ತರಗಳೂ ಆ ಒಂದೇ ರಾಜ್ಯದಿಂದ.

ಪ್ರಶ್ನೆ: ಅಮೆರಿಕದ ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸುತ್ತಾರೆ ಎಂದು ಒಂದು ಪುಸ್ತಕದಲ್ಲಿದೆ. ಲಿಂಕನ್ ಸೆನೆಟ್ ಚುನಾವಣೆಯಲ್ಲಿ ಸೋತದ್ದು ಶಾಸಕರ ಮತದಿಂದ ಎಂದು ಇನ್ನೊಂದರಲ್ಲಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ? (ಓದುಗರು, ಧಾರವಾಡ)

ಎರಡೂ ಸರಿ, ಕಾಲ ಬೇರೆ. ಮೂಲ ಸಂವಿಧಾನದ ಪ್ರಕಾರ ಪ್ರತಿ ರಾಜ್ಯದ ಶಾಸನಸಭೆಯೇ ಇಬ್ಬರು ಸೆನೆಟರ್‌ಗಳನ್ನು ಆರಿಸಿ ಕಳಿಸಬೇಕಿತ್ತು. ನಮ್ಮ ವಿಧಾನಸಭೆಯ ಸದಸ್ಯರು ರಾಜ್ಯಸಭೆಗೆ ಮತ ಹಾಕುವಂತೆಯೇ. 1913ರಲ್ಲಿ 17ನೇ ತಿದ್ದುಪಡಿ ಬಂದ ಮೇಲೆ ಆ ಮತ ಜನರ ಕೈಗೆ ಬಂತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಲಿಂಕನ್ ಸೋತದ್ದು ಒಮ್ಮೆಯಲ್ಲ, ಎರಡು ಸಲ. ಮೊದಲನೆಯ ಸೋಲನ್ನು ಪಠ್ಯಪುಸ್ತಕಗಳು ಬಿಟ್ಟೇಬಿಡುತ್ತವೆ.

ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ಶಾಸನಭವನದಲ್ಲಿ ಅರ್ಧ ದಿನ ಕುಳಿತಿದ್ದೆ. 1960ರ ದಶಕದಲ್ಲಿ ಆ ಕಟ್ಟಡವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಸಂಖ್ಯೆ ಬರೆದು, ಅಡಿಯಲ್ಲಿ ಕಾರು ನಿಲ್ದಾಣ ಕಟ್ಟಿ, ಮತ್ತೆ ಅದೇ ಜಾಗದಲ್ಲಿ ಜೋಡಿಸಿ ನಿಲ್ಲಿಸಿದರು. ಮೇಲಂತಸ್ತಿನ ಸಭಾಂಗಣದಲ್ಲಿ ಸಾಲು ಸಾಲು ಮೇಜುಗಳಿವೆ, ಮೇಲೆ ಹಕ್ಕಿಗರಿಯ ಲೇಖನಿಗಳಿವೆ. ನಮ್ಮ ಕಾಲೇಜಿನ ದೊಡ್ಡ ತರಗತಿಯ ಕೋಣೆಗಿಂತ ಅದು ಹೆಚ್ಚು ವಿಶಾಲವಾಗಿ ನನಗೆ ಕಾಣಲಿಲ್ಲ. ಒಂದು ಮೂಲೆಯ ಪಿಸುಮಾತು ಇನ್ನೊಂದು ಮೂಲೆಗೆ ಕೇಳುವಷ್ಟು ಹತ್ತಿರ.

1855ರ ಫೆಬ್ರವರಿ 8ರಂದು ಶಾಸಕರು ಸೇರಿ ಸೆನೆಟರ್‌ನನ್ನು ಆರಿಸಲು ಕುಳಿತರು. ಲಿಂಕನ್ ಅಷ್ಟರಲ್ಲಿ ಶಾಸಕನಾಗಿ ಗೆದ್ದಿದ್ದ ಸ್ಥಾನವನ್ನೇ ಬಿಟ್ಟಿದ್ದರು, ಏಕೆಂದರೆ ಅಲ್ಲಿನ ನಿಯಮದ ಪ್ರಕಾರ ಶಾಸಕರಾಗಿದ್ದವರು ಸೆನೆಟ್‌ಗೆ ಆಯ್ಕೆಯಾಗುವಂತಿರಲಿಲ್ಲ. ಮೊದಲ ಸುತ್ತಿನಲ್ಲಿ ಲಿಂಕನ್‌ಗೆ 44, ಹಾಲಿ ಸೆನೆಟರ್ ಜೇಮ್ಸ್ ಶೀಲ್ಡ್ಸ್‌ಗೆ 41, ಲೈಮನ್ ಟ್ರಂಬುಲ್‌ಗೆ ಬರೀ 5. ಆ ಐವರು ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡುವುದನ್ನು ವಿರೋಧಿಸುವ ಡೆಮಾಕ್ರಟರು. ಧ್ಯೇಯ ಲಿಂಕನ್‌ರದ್ದೇ, ಆದರೆ ಬೇರೆ ಪಕ್ಷದಿಂದ ಬಂದವರಿಗೆ ಮತ ಹಾಕಲು ಒಲ್ಲೆ ಎಂದು ಪಟ್ಟು ಹಿಡಿದು ಕುಳಿತರು. ಸುತ್ತಿನ ಮೇಲೆ ಸುತ್ತು ನಡೆಯಿತು. ಅತ್ತ ಎದುರಾಳಿಗಳು ಶೀಲ್ಡ್ಸ್‌ರನ್ನು ಕೈಬಿಟ್ಟು ಗವರ್ನರ್ ಜೋಯೆಲ್ ಮ್ಯಾಟಿಸನ್‌ರನ್ನು ಮುಂದೆ ತಂದರು. ಒಂಬತ್ತನೇ ಸುತ್ತಿಗೆ ಮ್ಯಾಟಿಸನ್‌ಗೆ 47, ಟ್ರಂಬುಲ್‌ಗೆ 35, ಲಿಂಕನ್‌ಗೆ ಉಳಿದದ್ದು 15.

ಆ 15 ಮಂದಿ ಕೊನೆಯವರೆಗೂ ಕದಲದೆ ನಿಲ್ಲಲು ಸಿದ್ಧರಿದ್ದವರು. ಅವರಿಗೆ ಲಿಂಕನ್ ಹೇಳಿದ್ದು, ನನ್ನನ್ನು ಬಿಡಿ, ಟ್ರಂಬುಲ್‌ಗೆ ಹಾಕಿ ಎಂದು. ಹತ್ತನೇ ಸುತ್ತಿನಲ್ಲಿ ಟ್ರಂಬುಲ್ 51 ಮತ ಪಡೆದು ಗೆದ್ದರು. 44 ಇದ್ದವನು 5 ಇದ್ದವನಿಗೆ ದಾರಿ ಬಿಟ್ಟುಕೊಟ್ಟ ದಿನ ಅದು. ಲಿಂಕನ್‌ರ ಹೆಂಡತಿ ಮೇರಿಗೆ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ಟ್ರಂಬುಲ್‌ರ ಹೆಂಡತಿ ಜೂಲಿಯಾ ಆಕೆಯ ಮದುವೆಯಲ್ಲಿ ಜೊತೆಗೆ ನಿಂತ ಗೆಳತಿ, ಆ ಸ್ನೇಹ ಅಲ್ಲಿಗೇ ಮುರಿಯಿತು. ಮುಂದೆ ಇದೇ ಟ್ರಂಬುಲ್ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ, ಗುಲಾಮಗಿರಿಯನ್ನು ರದ್ದುಪಡಿಸುವ 13ನೇ ತಿದ್ದುಪಡಿಯನ್ನು ಸದನದ ಮುಂದೆ ತಂದರು. ಆ ಸಭಾಂಗಣದಲ್ಲಿ ಕುಳಿತಾಗ ನನ್ನ ಕಣ್ಣು ತುಂಬಿದ್ದು ಈ ಹತ್ತನೇ ಸುತ್ತನ್ನು ನೆನೆದು.

ಎರಡನೇ ಸೋಲು ಎಲ್ಲರಿಗೂ ಗೊತ್ತಿರುವ 1858ರದ್ದು. ಸ್ಟೀಫನ್ ಡಗ್ಲಸ್ ಜೊತೆ ಏಳು ಊರುಗಳಲ್ಲಿ ಏಳು ಚರ್ಚೆ ನಡೆಯಿತು. ಆಗಸ್ಟ್ 21ರಂದು ಒಟ್ಟಾವಾದಲ್ಲಿ ಆರಂಭ, ಅಕ್ಟೋಬರ್ 15ರಂದು ಆಲ್ಟನ್‌ನಲ್ಲಿ ಮುಕ್ತಾಯ. ಒಬ್ಬರು ಒಂದು ಗಂಟೆ, ಇನ್ನೊಬ್ಬರು ಒಂದೂವರೆ ಗಂಟೆ, ಮತ್ತೆ ಮೊದಲಿನವರು ಅರ್ಧ ಗಂಟೆ ಮಾತನಾಡುವ ಪದ್ಧತಿ. ಸಾವಿರಾರು ರೈತರು ಗಾಡಿ ಕಟ್ಟಿಕೊಂಡು ಬಂದು ಮೂರು ಗಂಟೆ ನಿಂತು ಕೇಳಿದರು. ಆದರೆ ಅವರಲ್ಲಿ ಒಬ್ಬರಿಗೂ ಲಿಂಕನ್‌ಗಾಗಲಿ ಡಗ್ಲಸ್‌ಗಾಗಲಿ ನೇರವಾಗಿ ಮತ ಹಾಕುವ ಹಕ್ಕಿರಲಿಲ್ಲ. ತಮ್ಮ ಕ್ಷೇತ್ರದ ಶಾಸಕನನ್ನು ಆರಿಸಿ, ಅವನು ಯಾರ ಕಡೆ ಎಂದು ಕಾಯಬೇಕಿತ್ತು. ಲಿಂಕನ್‌ರ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳಿಗೆ ರಾಜ್ಯದಾದ್ಯಂತ ಬಿದ್ದ ಮತಗಳು ಡಗ್ಲಸ್‌ರ ಡೆಮಾಕ್ರಟರಿಗಿಂತ ತುಸು ಹೆಚ್ಚೇ ಇದ್ದವು. ಆದರೆ ಉತ್ತರದ ಕೌಂಟಿಗಳಲ್ಲಿ ಜನ ಬೆಳೆದಷ್ಟು ಸ್ಥಾನಗಳು ಬೆಳೆದಿರಲಿಲ್ಲ, ಕ್ಷೇತ್ರಗಳ ಹಂಚಿಕೆ ಹಳೆಯ ಲೆಕ್ಕದ್ದು. 1859ರ ಜನವರಿ 5ರಂದು ಶಾಸಕರ ಮತ ಎಣಿಸಿದಾಗ ಡಗ್ಲಸ್ 54, ಲಿಂಕನ್ 46.

ಪ್ರಶ್ನೆ: ಶಾಸಕರು ಆರಿಸುತ್ತಿದ್ದರೆ ಅಲ್ಲಿಯೂ ಕುದುರೆ ವ್ಯಾಪಾರ ನಡೆಯುತ್ತಿತ್ತೇ? (ಓದುಗರು, ತುಮಕೂರು)

ನಡೆಯುತ್ತಿತ್ತು. ಆದರೆ ದುಡ್ಡಿಲ್ಲದ ಒಂದು ಕೈಚಳಕವನ್ನು ಮೊದಲು ಹೇಳುತ್ತೇನೆ. 1885ರಲ್ಲಿ ಇಲಿನಾಯ್ ಶಾಸನಸಭೆಯಲ್ಲಿ ಎರಡು ಬಣಗಳೂ ಸರಿಸಮ. ರಿಪಬ್ಲಿಕನ್ ಸೆನೆಟರ್ ಜನರಲ್ ಜಾನ್ ಲೋಗನ್‌ರ ಮರು ಆಯ್ಕೆ ತಿಂಗಳುಗಟ್ಟಲೆ ಕಗ್ಗಂಟಾಗಿತ್ತು. ಆ ನಡುವೆ ಡೆಮಾಕ್ರಟರ ಭದ್ರಕೋಟೆಯಾಗಿದ್ದ 34ನೇ ಕ್ಷೇತ್ರದ ಶಾಸಕರು ತೀರಿಕೊಂಡರು. ಉಪಚುನಾವಣೆಯಲ್ಲಿ ರಿಪಬ್ಲಿಕನ್ನರು ಪ್ರಚಾರವನ್ನೇ ಮಾಡಲಿಲ್ಲ. ದನ ಕೊಳ್ಳುವವರಂತೆ, ಹೊಲಿಗೆ ಯಂತ್ರ ಮಾರುವವರಂತೆ ಅವರ ಕಡೆಯವರು ಹಳ್ಳಿ ಹಳ್ಳಿ ತಿರುಗಿ, ಸಂಜೆಯವರೆಗೂ ಸುಮ್ಮನಿದ್ದು ಕೊನೆಯ ಗಳಿಗೆಯಲ್ಲಿ ಮತಗಟ್ಟೆಗೆ ಬನ್ನಿ ಎಂದು ತಮ್ಮವರ ಕಿವಿಯಲ್ಲಿ ಹೇಳಿ ಹೋದರಂತೆ. ಗೆಲುವು ಖಚಿತ ಎಂದು ಮನೆಯಲ್ಲಿ ಕುಳಿತಿದ್ದ ಡೆಮಾಕ್ರಟರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಲೋಗನ್ ಮೇ ತಿಂಗಳಲ್ಲಿ ಸೆನೆಟರ್ ಆದರು.

ದುಡ್ಡಿನ ಕಥೆ 1909ರದ್ದು. ಜನವರಿಯಿಂದ ಮೇವರೆಗೆ ಜಗ್ಗಾಡಿ, 95ನೇ ಸುತ್ತಿನಲ್ಲಿ ಷಿಕಾಗೋದ ಪ್ರಭಾವಿ ರಾಜಕಾರಣಿ ವಿಲಿಯಂ ಲೋರಿಮರ್ ಆಯ್ಕೆಯಾದರು. ಮರುವರ್ಷ ಏಪ್ರಿಲ್ 30ರಂದು ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಚಾರ್ಲ್ಸ್ ವೈಟ್ ಎಂಬ ಶಾಸಕರ ತಪ್ಪೊಪ್ಪಿಗೆ ಪ್ರಕಟವಾಯಿತು: ಲೋರಿಮರ್‌ಗೆ ಮತ ಹಾಕಲು ನನಗೆ ಸಾವಿರ ಡಾಲರ್ ಸಿಕ್ಕಿತು. ಸೆನೆಟ್ ವಿಚಾರಣೆ ನಡೆಸಿ 1911ರಲ್ಲಿ 46–40 ಮತಗಳಿಂದ ಅವರನ್ನು ಉಳಿಸಿಕೊಂಡಿತು. ದೇಶವೆಲ್ಲ ಕುದಿಯಿತು. ಎರಡನೇ ವಿಚಾರಣೆಯಾಗಿ 1912ರ ಜುಲೈ 13ರಂದು 55–28 ಮತಗಳಿಂದ ಆ ಆಯ್ಕೆಯನ್ನೇ ಅಸಿಂಧುಗೊಳಿಸಿದರು. ಅಷ್ಟರಲ್ಲಿ 17ನೇ ತಿದ್ದುಪಡಿ ಎರಡೂ ಸದನಗಳನ್ನು ದಾಟಿ ರಾಜ್ಯಗಳ ಮುಂದೆ ಹೋಗಿತ್ತು. ಅದನ್ನು ನೂಕಿದ ಕೈಗಳಲ್ಲಿ ಈ ಸಾವಿರ ಡಾಲರಿನ ಕೈಯೂ ಒಂದು ಎಂದೇ ನನ್ನ ತಿಳುವಳಿಕೆ.

ನಾವು ಹಿಡಿದ ದಾರಿ ಬೇರೆ. 2003ರಿಂದ ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು ತಾವು ಬರೆದ ಮತವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಅವರು ಮತವನ್ನು ಶಾಸಕರಿಂದ ಕಿತ್ತು ಜನರಿಗೆ ಕೊಟ್ಟರು, ನಾವು ಶಾಸಕರ ಬಳಿಯೇ ಬಿಟ್ಟು ಕಾವಲು ಇಟ್ಟೆವು. ನನಗೆ ಮೊದಲನೆಯದೇ ಸರಿ ಎನಿಸುತ್ತದೆ. ಒಪ್ಪದವರು ಬರೆಯಿರಿ, ಪ್ರಕಟಿಸುತ್ತೇನೆ.

ಪ್ರಶ್ನೆ: ನಾನು ಇಲಿನಾಯ್‌ನ ನೇಪರ್‌ವಿಲ್‌ನಲ್ಲಿದ್ದೇನೆ, ಈಚೆಗೆ ಪೌರತ್ವ ಸಿಕ್ಕಿತು. ಸೆನೆಟರ್ ಹುದ್ದೆ ನಡುವೆ ಖಾಲಿಯಾದರೆ ಯಾರು ತುಂಬುತ್ತಾರೆ? ಹಳಬರಲ್ಲಿ ಯಾರ ಬಗ್ಗೆ ಓದಲಿ? (ಓದುಗರು, ನೇಪರ್‌ವಿಲ್)

ಅಭಿನಂದನೆಗಳು ತಾಯಿ. ನಿಮ್ಮ ರಾಜ್ಯದಲ್ಲಿ ಸದ್ಯಕ್ಕೆ ಗವರ್ನರ್ ನೇಮಿಸುತ್ತಾರೆ, ಆಮೇಲೆ ಚುನಾವಣೆ. ಈ ನೇಮಕದ ಅಧಿಕಾರವೇ 2008ರಲ್ಲಿ ಹಗರಣವಾಯಿತು. ಒಬಾಮ ಅಧ್ಯಕ್ಷರಾಗಿ ಆಯ್ಕೆಯಾಗಿ ಬಿಟ್ಟ ಸ್ಥಾನವನ್ನು ಮಾರಲು ಹೊರಟ ಆರೋಪದ ಮೇಲೆ ಗವರ್ನರ್ ರಾಡ್ ಬ್ಲಗೋಯೆವಿಚ್ ಆ ಡಿಸೆಂಬರ್ 9ರಂದು ಬಂಧಿತರಾದರು, ಮರು ಜನವರಿಯಲ್ಲಿ ಪದಚ್ಯುತರಾದರು. ಅವರು ನೇಮಿಸಿದ ರೋಲಂಡ್ ಬರ್ರಿಸ್ ಆ ಕುರ್ಚಿಯಲ್ಲಿ ಕುಳಿತರು. ನ್ಯಾಯಾಲಯದ ತೀರ್ಪಿನಿಂದಾಗಿ 2010ರ ನವೆಂಬರ್‌ನಲ್ಲಿ ಮತದಾರರು ಒಂದೇ ಕುರ್ಚಿಗೆ ಎರಡು ಸಲ ಮತ ಹಾಕಿದರು, ಉಳಿದಿದ್ದ ಕೆಲವು ವಾರಗಳಿಗೆ ಒಂದು, ಮುಂದಿನ ಆರು ವರ್ಷಕ್ಕೆ ಒಂದು. ಎರಡನ್ನೂ ಗೆದ್ದವರು ಮಾರ್ಕ್ ಕರ್ಕ್.

ಹಳಬರಲ್ಲಿ ಎವರೆಟ್ ಡರ್ಕ್ಸನ್ ಬಗ್ಗೆ ಓದಿ. 1964ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು ಸದನದಲ್ಲಿ ಮುಗಿಯದ ಭಾಷಣ ನಡೆದಿತ್ತು. ವಿರೋಧ ಪಕ್ಷದ ನಾಯಕರಾಗಿದ್ದ ಡರ್ಕ್ಸನ್ ತಮ್ಮ ಪಕ್ಷದ 33 ಮಂದಿಯಲ್ಲಿ 27 ಮಂದಿಯನ್ನು ಮಸೂದೆಯ ಕಡೆಗೆ ತಂದರು. ಜೂನ್ 10ರಂದು 71–29 ಮತಗಳಿಂದ ತಡೆ ಮುರಿಯಿತು. ಅವರ ಊರು ಪೀಕಿನ್, ಮಗಳ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಚೆಂಡು ಹೂವನ್ನು ರಾಷ್ಟ್ರೀಯ ಪುಷ್ಪ ಮಾಡಿ ಎಂದು ಸೆನೆಟ್‌ನಲ್ಲಿ ವರ್ಷಗಟ್ಟಲೆ ವಾದಿಸಿದವರು ಅವರು. ಅದು ಈಡೇರಲಿಲ್ಲ, ಆದರೆ ಆ ಊರು ಈಗಲೂ ಸೆಪ್ಟೆಂಬರ್‌ನಲ್ಲಿ ಚೆಂಡು ಹೂವಿನ ಹಬ್ಬ ಮಾಡುತ್ತದೆ. ನಾನು ಹೋದಾಗ ರಸ್ತೆಯ ಅಂಚಿನಲ್ಲೆಲ್ಲ ಕಿತ್ತಳೆ, ಹಳದಿ. ಬಗ್ಗಿ ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದೆ. ನಮ್ಮ ಬಾಗಿಲಿನ ಆಯುಧಪೂಜೆಯ ಮಾಲೆಯ ವಾಸನೆಯೇ.

ಪ್ರಶ್ನೆ: ಆ ರಾಜ್ಯದಿಂದ ಮಹಿಳೆಯರು ಸೆನೆಟರ್ ಆಗಿದ್ದಾರೆಯೇ? (ಓದುಗರು, ಮಂಗಳೂರು)

ಇಬ್ಬರನ್ನು ಹೇಳುತ್ತೇನೆ. 1992ರಲ್ಲಿ ಗೆದ್ದ ಕ್ಯಾರಲ್ ಮೋಸ್ಲಿ ಬ್ರಾನ್ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಮಹಿಳೆ. ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣ ರಾಜ್ಯಗಳ ಒಕ್ಕೂಟದ ಬಾವುಟವಿದ್ದ ಒಂದು ಲಾಂಛನದ ಪೇಟೆಂಟ್ ಅನ್ನು ನವೀಕರಿಸಲು 1993ರ ಜುಲೈನಲ್ಲಿ ಪ್ರಸ್ತಾಪ ಬಂತು. ಅದನ್ನು ಬದಿಗಿಡುವ ಅವರ ಯತ್ನ ಮೊದಲು 52–48ರಿಂದ ಸೋತಿತು. ಅವರು ಎದ್ದು ನಿಂತು ಮಾತನಾಡಿದ ಮೇಲೆ ಅದೇ ಸದನ, ಅದೇ ದಿನ, 75–25ರಿಂದ ಅವರ ಕಡೆ ತಿರುಗಿತು. ಮಾತಿಗೆ ಮತ ಬದಲಿಸುವ ಶಕ್ತಿ ಇದೆಯೇ ಎಂದು ಕೇಳುತ್ತಿದ್ದ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಉದಾಹರಣೆ ಇದು.

ಇನ್ನೊಬ್ಬರು 2016ರಲ್ಲಿ ಗೆದ್ದ ಟ್ಯಾಮಿ ಡಕ್‌ವರ್ತ್, ಇರಾಕ್‌ನಲ್ಲಿ ಹೆಲಿಕಾಪ್ಟರ್ ನಡೆಸುವಾಗ ಎರಡೂ ಕಾಲು ಕಳೆದುಕೊಂಡವರು. ಅಧಿಕಾರದಲ್ಲಿದ್ದಾಗ ಹೆರಿಗೆಯಾದ ಮೊದಲ ಸೆನೆಟರ್ ಅವರೇ. ಮತದಾನದ ವೇಳೆ ಕೂಸನ್ನು ಒಳಗೆ ತರಲು ನಿಯಮ ಬಿಡುತ್ತಿರಲಿಲ್ಲ, 2018ರ ಏಪ್ರಿಲ್ 18ರಂದು ಸದನ ಅದನ್ನು ಬದಲಿಸಿತು. ಮರುದಿನವೇ ಹತ್ತು ದಿನದ ಹೆಣ್ಣುಕೂಸನ್ನು ಅವುಚಿಕೊಂಡು ಗಾಲಿಕುರ್ಚಿಯಲ್ಲಿ ಒಳಗೆ ಬಂದು, ನಾಸಾ ಮುಖ್ಯಸ್ಥರ ನೇಮಕದ ವಿರುದ್ಧ ಮತ ಹಾಕಿದರು. ನೇಮಕ ಅಂಗೀಕಾರವಾದದ್ದು 50–49ರಲ್ಲಿ.